ಟ್ರ್ಯಾಕ್ ಡೇಗೆ ಹೋಗಲು ಕಾರ್ ಕ್ಲಬ್ ಸೇರಬೇಕೆ? ಸೇರುವ ಮೊದಲು ಏನನ್ನು ವಿಚಾರಿಸಬೇಕು?

ಬಸವನಗುಡಿ ಸ್ವಿಫ್ಟ್ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು 2019ರ ಮಾರುತಿ ಸ್ವಿಫ್ಟ್. ಪೆಟ್ರೋಲ್ ಎಂಜಿನ್, ಮ್ಯಾನುವಲ್ ಗೇರ್, ಷೋರೂಮಿನಿಂದ ಬಂದ ಹಾಗೆಯೇ ಇದೆ. ಭಾನುವಾರ ಬೆಳಕು ಹರಿಯುವ ಮೊದಲೇ ನಂದಿ ಬೆಟ್ಟದ ಕಡೆಗೆ ಕಾರು ಓಡಿಸುವ ಗುಂಪುಗಳು ನನ್ನನ್ನೂ ಕರೆಯುತ್ತಿರುತ್ತವೆ. ಆದರೆ ಹಾಲಿನ ವ್ಯಾನು, ಸೈಕಲ್ ಸವಾರರು, ರಸ್ತೆ ದಾಟುವ ದನಕರುಗಳಿರುವ ದಾರಿಯಲ್ಲಿ ವೇಗದ ಚಪಲ ತೀರಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ. ಈಚೆಗೆ ಕಚೇರಿಯ ಸಹೋದ್ಯೋಗಿಯೊಬ್ಬರು ತಮ್ಮ ಕಾರ್ ಕ್ಲಬ್ಬಿನ ವಿಷಯ ಹೇಳಿದರು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕನ್ನು ಒಂದು ದಿನಕ್ಕೆ ಬಾಡಿಗೆಗೆ ಹಿಡಿದು ಸದಸ್ಯರಿಗೆ ಓಡಿಸಲು ಬಿಡುತ್ತಾರಂತೆ, ಇದನ್ನೇ ಟ್ರ್ಯಾಕ್ ಡೇ ಎನ್ನುತ್ತಾರೆ. ವಾರ್ಷಿಕ ಸದಸ್ಯತ್ವಕ್ಕೆ ಒಂದು ಶುಲ್ಕ, ಟ್ರ್ಯಾಕ್ ಡೇಗೆ ಬೇರೆಯೇ ಶುಲ್ಕ.

ಕ್ಲಬ್ಬಿನ ಹಂಗಿಲ್ಲದೆ ನಾನೇ ನೇರವಾಗಿ ಹೋಗಿ, ಹಣ ಕಟ್ಟಿ ಓಡಿಸಲು ಸಾಧ್ಯವಿಲ್ಲವೆ? ರೇಸಿಂಗ್ ಲೈಸೆನ್ಸ್ ಬೇಕೆ? ಆ ಕ್ಲಬ್ಬಿನ ಹೆಚ್ಚಿನವರ ಬಳಿ ನನ್ನ ಕಾರಿನ ಎರಡು ಮೂರು ಪಟ್ಟು ಶಕ್ತಿಯ ಕಾರುಗಳಿವೆ. ಅವುಗಳ ನಡುವೆ ಸ್ವಿಫ್ಟ್ ತೆಗೆದುಕೊಂಡು ಹೋದರೆ ನಗೆಪಾಟಲಾಗುವುದಿಲ್ಲವೆ? ಇನ್ನೊಂದು ವಿಷಯ: ಅವರು ಕಳಿಸಿದ ಅರ್ಜಿಯಲ್ಲಿ, ಏನೇ ಅನಾಹುತವಾದರೂ ಸಂಘಟಕರು ಹೊಣೆಯಲ್ಲ ಎಂದು ಸಹಿ ಹಾಕಿಕೊಡಬೇಕಾದ ಪುಟವೊಂದಿದೆ. ಅದನ್ನು ಓದಿದ ಮೇಲೆ ಮನೆಯವರು ವಿಮೆಯ ಬಗ್ಗೆ ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಪಿಟ್ ಲೇನ್ ಉತ್ತರಿಸಿದ್ದಾರೆ:

ಇಂಥದೊಂದು ಕ್ಲಬ್ಬಿನಲ್ಲಿ ಹೊಸಬರ ಪಕ್ಕದ ಸೀಟಿನಲ್ಲಿ ಕುಳಿತು ಹೇಳಿಕೊಡುವ ಕೆಲಸವನ್ನು ನಾನು ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹಣದ ಲೆಕ್ಕದಲ್ಲಿದೆ. ಇರುಂಗಾಟ್ಟುಕೋಟೈಯದು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕು. ಶೋಳಾವರಂನಲ್ಲಿ ಯುದ್ಧಕಾಲದ ವಿಮಾನ ಓಡುದಾರಿಯ ಮೇಲೆ ರೇಸು ನಡೆಸುತ್ತಿದ್ದವರು 1990ರ ಹೊತ್ತಿಗೆ ಇಲ್ಲಿ 3.7 ಕಿ.ಮೀ. ಉದ್ದದ, ಹನ್ನೆರಡು ತಿರುವುಗಳ ಖಾಯಂ ಟ್ರ್ಯಾಕನ್ನು ಕಟ್ಟಿಕೊಂಡರು. ಇಂಥ ಜಾಗವನ್ನು ಸಾಮಾನ್ಯವಾಗಿ ಇಡೀ ದಿನಕ್ಕೆಂದು ಬಾಡಿಗೆಗೆ ಕೊಡುತ್ತಾರೆ. ಅದರ ಜೊತೆಗೆ ಆಂಬುಲೆನ್ಸು, ವೈದ್ಯರು, ಬೆಂಕಿ ನಂದಿಸುವ ಸಿಬ್ಬಂದಿ, ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್‌ಗಳು, ಕೆಟ್ಟು ನಿಂತ ಕಾರನ್ನು ಎಳೆದು ತರುವ ವಾಹನ ಇವೆಲ್ಲದರ ಖರ್ಚೂ ಸೇರುವುದರಿಂದ, ಒಬ್ಬರೇ ಆ ಮೊತ್ತವನ್ನು ಭರಿಸುವುದು ದೊಡ್ಡ ಶ್ರೀಮಂತರಿಗಷ್ಟೇ ಸಾಧ್ಯವಾದೀತು. ಮೂವತ್ತು ನಲವತ್ತು ಜನ ಹಂಚಿಕೊಂಡರೆ ಅದೇ ಮೊತ್ತ ಕೈಗೆಟುಕುತ್ತದೆ. ಆ ಹಂಚಿಕೆಯನ್ನು ಮಾಡುವವರೇ ಕ್ಲಬ್ಬಿನವರು. ಕೆಲವರು ಸದಸ್ಯರಲ್ಲದವರನ್ನೂ ಸ್ವಲ್ಪ ಹೆಚ್ಚಿನ ಶುಲ್ಕಕ್ಕೆ ಅತಿಥಿಗಳಾಗಿ ಸೇರಿಸಿಕೊಳ್ಳುತ್ತಾರೆ. ಮೊದಲ ಸಲಕ್ಕೆ ಅದನ್ನೇ ಕೇಳಿ ನೋಡಿ.

ಲೈಸೆನ್ಸಿನ ವಿಷಯ ಚಿಕ್ಕದು. ಭಾರತದ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಕೊಡುವ ಸ್ಪರ್ಧಾ ಪರವಾನಗಿ ಬೇಕಾಗುವುದು ರೇಸು, ರ‍್ಯಾಲಿಗಳಿಗೆ. ಸ್ಪರ್ಧೆಯಿಲ್ಲದ ಟ್ರ್ಯಾಕ್ ಡೇಗೆ ನಿಮ್ಮ ಸಾಮಾನ್ಯ ಚಾಲನಾ ಪರವಾನಗಿಯನ್ನೇ ಕೇಳುವುದು ರೂಢಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಣ ಕೊಟ್ಟರೆ ಡಾಂಬರು ಯಾರ ಮೂಲಕವಾದರೂ ಸಿಗುತ್ತದೆ. ಆ ಡಾಂಬರಿನ ಮೇಲೆ ಶಿಸ್ತನ್ನು ಕಾಯುವುದು ಕಷ್ಟದ ಕೆಲಸ, ಕ್ಲಬ್ಬನ್ನು ಅಳೆಯಬೇಕಾದದ್ದೂ ಅದರಿಂದಲೇ. ಸದಸ್ಯರ ಬಳಿ ಎಂಥ ಕಾರುಗಳಿವೆ ಎಂದು ನೋಡಬೇಡಿ. ಹೊಸಬರಿಗೆ ಪ್ರತ್ಯೇಕ ಗುಂಪಿದೆಯೆ, ಒಂದು ಗುಂಪಿನಲ್ಲಿ ಏಕಕಾಲಕ್ಕೆ ಎಷ್ಟು ಕಾರುಗಳನ್ನು ಬಿಡುತ್ತಾರೆ, ಪಕ್ಕದಲ್ಲಿ ಕುಳಿತು ಕಲಿಸುವವರಿದ್ದಾರೆಯೆ, ಆಂಬುಲೆನ್ಸ್ ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ದಾಗ ಅದು ಮರಳಿ ಬರುವ ತನಕ ಟ್ರ್ಯಾಕನ್ನು ಮುಚ್ಚುತ್ತಾರೆಯೆ, ನಿಯಮ ಮುರಿದ ಸದಸ್ಯನನ್ನು ಮನೆಗೆ ಕಳಿಸಿದ ಉದಾಹರಣೆಯಿದೆಯೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ತಡವರಿಸುವ ಕ್ಲಬ್ಬಿನಿಂದ ದೂರವಿರಿ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಚೆನ್ನಾಗಿ ನಡೆಸುವ ಕಡೆ ದಿನ ಆರಂಭವಾಗುವುದೇ ತಪಾಸಣೆಯಿಂದ. ಒಬ್ಬರು ಬಾನೆಟ್ ತೆರೆಸಿ ಬ್ಯಾಟರಿಯನ್ನು ಕೈಯಿಂದ ಅಲುಗಾಡಿಸಿ ನೋಡುತ್ತಾರೆ, ಚಕ್ರದ ನಟ್ಟುಗಳಿಗೆ ಸ್ಪ್ಯಾನರ್ ಹಾಕುತ್ತಾರೆ, ಚಾಲಕನ ಕಾಲಡಿಯ ಮ್ಯಾಟನ್ನು ಹೊರಗೆ ತೆಗೆಸುತ್ತಾರೆ. ಬಾಗಿಲಿನಲ್ಲಿಟ್ಟ ನೀರಿನ ಬಾಟಲಿ ತಿರುವಿನಲ್ಲಿ ಜಿಗಿದು ಬ್ರೇಕ್ ಪೆಡಲಿನ ಕೆಳಗೆ ಉರುಳಿದರೆ ಏನಾಗುತ್ತದೆಂದು ಊಹಿಸಿಕೊಂಡರೆ, ಈ ತಪಾಸಣೆಯನ್ನು ಕಾಟಾಚಾರವೆಂದು ಯಾರೂ ಹೇಳಲಾರರು. ಆಮೇಲೆ ಎಲ್ಲರನ್ನೂ ಕೂರಿಸಿ ಬಾವುಟಗಳ ಅರ್ಥ ಹೇಳುತ್ತಾರೆ. ಹಳದಿ ಕಂಡರೆ ಮುಂದೆ ಅಪಾಯವಿದೆ, ನಿಧಾನಿಸಬೇಕು, ಯಾರನ್ನೂ ಹಿಂದಿಕ್ಕಬಾರದು. ಕೆಂಪು ಕಂಡರೆ ಸೆಷನ್, ಅಂದರೆ ಆ ಗುಂಪಿನ ಸರದಿಯ ಓಟ, ನಿಂತಿತು. ಕಪ್ಪು ಬಾವುಟವನ್ನು ನಿಮಗೆ ತೋರಿಸಿದರೆ ಪಿಟ್ಟಿಗೆ (ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ) ಬಂದು ಕಾರಣ ಕೇಳಬೇಕು. ಹೊಸಬರ ಗುಂಪಿನಲ್ಲಿ, ಮುಂದಿನ ಕಾರಿನವರು ಕೈ ತೋರಿಸಿ ದಾರಿ ಬಿಟ್ಟ ಮೇಲೆ, ಅದೂ ನೇರ ದಾರಿಯಲ್ಲಿ ಮಾತ್ರ ಅವರನ್ನು ದಾಟಬಹುದು. ಈ ಒಂದು ನಿಯಮದಿಂದಲೇ ನಿಮ್ಮ ಸ್ವಿಫ್ಟಿನ ಚಿಂತೆ ಮುಕ್ಕಾಲುಪಾಲು ಪರಿಹಾರವಾಗುತ್ತದೆ: ಹಿಂದೆ ದೊಡ್ಡ ಕಾರು ಬಂದರೆ ನೇರ ದಾರಿಯಲ್ಲಿ ಕೈ ತೋರಿಸಿ, ಅದು ಹೋಗಲಿ.

ನನ್ನ ಅನುಭವದಲ್ಲಿ ಬೇಗ ಕಲಿಯುವವರು ಸಣ್ಣ ಕಾರಿನವರೇ. ಇರುಂಗಾಟ್ಟುಕೋಟೈಯ ಮುಖ್ಯ ನೇರ ದಾರಿ ಮುಗಿಯುತ್ತಲೇ ಬರುವ ಮೊದಲ ತಿರುವು, ಎಲ್ಲರೂ ಸಿ-1 ಎಂದು ಕರೆಯುವ ಬಲ ತಿರುವು, ಬಹಳ ವೇಗದ್ದು. ಅಲ್ಲಿ ಹೊಸಬರು ಹೆದರಿ ನಟ್ಟನಡುವೆ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆಯುತ್ತಾರೆ. ಆಗ ಕಾರಿನ ಭಾರ ಮುಂದಕ್ಕೆ ವಾಲಿ, ಹಿಂದಿನ ಚಕ್ರಗಳ ಹಿಡಿತ ಸಡಿಲವಾಗಿ, ಕಾರು ಗಿರಕಿ ಹೊಡೆಯುವ ಸಾಧ್ಯತೆಯಿದೆ. ಬ್ರೇಕಿನ ಕೆಲಸವನ್ನು ನೇರ ದಾರಿಯಲ್ಲೇ ಮುಗಿಸಿ, ತಿರುವಿನೊಳಗೆ ಆಕ್ಸಿಲರೇಟರನ್ನು ಒಂದೇ ಸಮನೆ ಹಿಡಿದಿರುವುದನ್ನು ಕಡಿಮೆ ಶಕ್ತಿಯ ಕಾರಿನಲ್ಲಿ ಸಮಾಧಾನದಿಂದ ಕಲಿಯಬಹುದು. ಶಕ್ತಿಯ ಕಾರಿನವರು ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ನೇರ ದಾರಿಯಲ್ಲಿ ಗಳಿಸಿಕೊಂಡುಬಿಡುತ್ತಾರೆ, ಹಾಗಾಗಿ ಅವರ ತಪ್ಪು ಅವರಿಗೇ ಕಾಣುವುದಿಲ್ಲ.

ಹಳೆಯ ಸರ್ವೇಯರ್ ಉತ್ತರಿಸಿದ್ದಾರೆ:

ವಿಮೆಯ ಪ್ರಶ್ನೆಯನ್ನು ನಿಮ್ಮ ಮನೆಯವರು ಸರಿಯಾಗಿಯೇ ಎತ್ತಿದ್ದಾರೆ. ನಿಮ್ಮ ಪಾಲಿಸಿಯಲ್ಲಿ ವಾಹನದ ಬಳಕೆಯ ಮಿತಿಗಳೆಂಬ ಭಾಗವನ್ನು ತೆರೆದು ಓದಿ. ಖಾಸಗಿ ಕಾರಿನ ಪಾಲಿಸಿಗಳಲ್ಲಿ ಬಾಡಿಗೆ ಬಳಕೆ, ಸರಕು ಸಾಗಣೆಗಳ ಜೊತೆಗೆ ಸಂಘಟಿತ ರೇಸು, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ವಾಹನ ಕೈಕೊಡದೆ ಓಡುತ್ತದೆಯೇ ಎಂಬ ಪರೀಕ್ಷೆ) ಇವನ್ನೂ ಹೊರಗಿಟ್ಟಿರುತ್ತಾರೆ. ಟ್ರ್ಯಾಕ್ ಡೇ ಸ್ಪರ್ಧೆಯಲ್ಲ ಎಂದು ಸಂಘಟಕರು ಎಷ್ಟೇ ಹೇಳಿದರೂ, ಪ್ರತಿ ಸುತ್ತಿಗೂ ಇಷ್ಟು ಸೆಕೆಂಡು ಎಂದು ಅಳೆದು ಪಟ್ಟಿ ಅಂಟಿಸಿದ ಮೇಲೆ ಅದು ವೇಗ ಪರೀಕ್ಷೆಯಲ್ಲ ಎಂದು ವಿಮಾ ಕಂಪನಿಯೆದುರು ವಾದಿಸುವುದು ಸುಲಭವಲ್ಲ. ಸಮಯ ಅಳೆಯದ ದಿನದಲ್ಲಿಯೂ ಕ್ಲೇಮ್ ಸಿಗುತ್ತದೆಂಬ ಭರವಸೆಯ ಮೇಲೆ ಹೋಗಬೇಡಿ. ಕಾರಿಗೆ ಆಗುವ ಹಾನಿ ನಿಮ್ಮ ಜೇಬಿನದೇ ಎಂದುಕೊಂಡು ಹೊರಡಿ. ತಡೆಬೇಲಿಗೆ ಗುದ್ದಿದರೆ ಅದರ ರಿಪೇರಿಯನ್ನು ಯಾರು ಕೊಡಬೇಕೆಂಬುದೂ ಆ ಅರ್ಜಿಯಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿರುತ್ತದೆ, ಹುಡುಕಿ ಓದಿ.

ಆರೋಗ್ಯ ವಿಮೆಯ ಸ್ಥಿತಿ ಇಷ್ಟು ಕಠಿಣವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಗದಿಪಡಿಸಿರುವ ಏಕರೂಪದ ಹೊರಗಿಡುವಿಕೆಗಳಲ್ಲಿ ಸಾಹಸ ಕ್ರೀಡೆಗಳ ಸಾಲಿನಲ್ಲಿ ಮೋಟಾರ್ ರೇಸಿಂಗ್ ಹೆಸರೂ ಇದೆ, ಆದರೆ ವೃತ್ತಿಪರರಾಗಿ ಭಾಗವಹಿಸಿದವರಿಗೆ ಎಂಬ ಷರತ್ತು ಅದಕ್ಕಿದೆ. ಹವ್ಯಾಸಿಗೆ ಅದು ಅನ್ವಯಿಸುವ ಬಗೆಯನ್ನು ನಿಮ್ಮ ಕಂಪನಿಯಿಂದ ಇಮೇಲಿನಲ್ಲಿ ಬರೆಸಿಕೊಳ್ಳಿ, ಏಜೆಂಟರ ಬಾಯಿಮಾತು ಸಾಲದು. ಅಪಘಾತ ವಿಮೆ, ಜೀವ ವಿಮೆಗಳಿದ್ದರೆ ಅವುಗಳ ಷರತ್ತುಗಳು ಬೇರೆಯೇ ಇರಬಹುದು, ಅವನ್ನೂ ನೋಡಿ.

ನಂದಿ ಬೆಟ್ಟದ ಗುಂಪುಗಳಿಗೆ ಸಂಬಂಧಿಸಿ ಒಂದು ಮಾತು: ಸಾರ್ವಜನಿಕ ಸ್ಥಳದಲ್ಲಿ ಅನುಮತಿಯಿಲ್ಲದೆ ರೇಸು ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಇದನ್ನು ನಿಮಗಾಗಿ ಬರೆದದ್ದಲ್ಲ, ಇಲ್ಲಿ ಓದುತ್ತಿರುವ ಇನ್ನು ಕೆಲವರಿಗಾಗಿ.

ಕೊಯಮತ್ತೂರು ಕನ್ನಡಿಗ ಉತ್ತರಿಸಿದ್ದಾರೆ:

ಮೇಲಿನ ಇಬ್ಬರ ಮಾತಿಗೂ ನನ್ನ ಸಹಮತವಿದೆ. ಆದರೆ ಸ್ವಿಫ್ಟಿನಂಥ ಕಾರಿಗೆ, ಅದೂ ಮೊದಲ ದಿನಕ್ಕೆ, ನಾನಾದರೆ ಇಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯನ್ನು ಆರಿಸುತ್ತೇನೆ. ಸುಮಾರು 2.1 ಕಿ.ಮೀ. ಉದ್ದದ ಟ್ರ್ಯಾಕು; ವೇಗ ಏರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ, ಆದ್ದರಿಂದ ಶಕ್ತಿಯ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಇದಕ್ಕೆ ಹೆಸರು ಬಂದಿರುವುದು ಮಾರುತಿ ಎಂಜಿನ್ನಿನ ಫಾರ್ಮುಲಾ ಮಾರುತಿ ರೇಸ್ ಕಾರುಗಳನ್ನು ಕಟ್ಟಿದ ಎಸ್. ಕರಿವರ್ಧನ್ ಅವರಿಂದ; ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮಾರುತಿ ಎಂಜಿನ್ನು ಇಟ್ಟುಕೊಂಡು ಅಲ್ಲಿ ಸಂಕೋಚಪಡಬೇಕಾಗಿಲ್ಲ.

ಕಾರಿನ ತಯಾರಿಯಲ್ಲಿ ಹಣ ಹಾಕಬೇಕಾದದ್ದು ಬ್ರೇಕಿಗೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಹೆಚ್ಚಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದೆ ತಡೆಯಬೇಕೆಂಬುದು ಮಾನದಂಡ. ತೇವ ಹೀರಿದ ಸ್ಥಿತಿಯಲ್ಲಿ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಊರಿನ ಟ್ರಾಫಿಕ್ಕಿನಲ್ಲಿ ಈ ವ್ಯತ್ಯಾಸ ನಿಮ್ಮ ಗಮನಕ್ಕೂ ಬಾರದು. ಟ್ರ್ಯಾಕಿನಲ್ಲಿ ಮಾತ್ರ ದ್ರವ ಕುದಿದು ಆವಿಯ ಗುಳ್ಳೆಗಳೆದ್ದರೆ, ಆವಿ ಸುಲಭವಾಗಿ ಒತ್ತಿಹೋಗುವುದರಿಂದ, ಪೆಡಲು ನೆಲಕ್ಕೆ ಇಳಿದರೂ ಕಾರು ನಿಲ್ಲುವುದಿಲ್ಲ. ಹೋಗುವ ವಾರ ಹೊಸ ಡಾಟ್ 4 ತುಂಬಿಸಿ. ಸಿಲಿಕೋನ್ ಆಧಾರಿತ ಡಾಟ್ 5 ಅನ್ನು ಯಾರಾದರೂ ಶಿಫಾರಸು ಮಾಡಿದರೆ ಒಪ್ಪಬೇಡಿ, ಅದು ಇದರೊಂದಿಗೆ ಬೆರೆಯುವುದಿಲ್ಲ. ಬ್ರೇಕ್ ಪ್ಯಾಡುಗಳು ಅರ್ಧಕ್ಕಿಂತ ಹೆಚ್ಚು ಉಳಿದಿರಲಿ.

ಸೆಷನ್ನಿನ ಕೊನೆಯ ಸುತ್ತನ್ನು ಬ್ರೇಕು ಹೆಚ್ಚು ಒತ್ತದೆ ನಿಧಾನವಾಗಿ ಮುಗಿಸಿ. ಪಿಟ್ಟಿಗೆ ಬಂದು ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು, ಉರುಳದಂತೆ ಚಕ್ರಕ್ಕೊಂದು ಅಡ್ಡಗಲ್ಲು ಕೊಡಿ. ಟಯರಿನ ಗಾಳಿಯನ್ನು ಸೆಷನ್ ಮುಗಿದ ತಕ್ಷಣ ನೋಡಿದರೆ ಬಿಸಿಗೆ ಏರಿರುವುದು ತಿಳಿಯುತ್ತದೆ. ಬಲ ತಿರುವುಗಳು ಹೆಚ್ಚಿರುವ ಟ್ರ್ಯಾಕಿನಲ್ಲಿ ಮುಂದಿನ ಎಡ ಟಯರಿನ ಹೊರ ಅಂಚೇ ಮೊದಲು ಸವೆಯುತ್ತದೆ. ಅಂಗೈ ಸವರಿ ನೋಡಿ, ರಬ್ಬರು ಒರಟೊರಟಾಗಿ ಸುರುಳಿಗಟ್ಟಿದ್ದರೆ ಸ್ಟಿಯರಿಂಗನ್ನು ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸುತ್ತಿದ್ದೀರಿ ಎಂದರ್ಥ.

ಹೆಲ್ಮೆಟ್ಟಿನ ವಿಷಯದಲ್ಲಿ ಕ್ಲಬ್ಬನ್ನೇ ಕೇಳಿ. ಹೆಲ್ಮೆಟ್ಟುಗಳಿಗೆ ಸುರಕ್ಷತಾ ಮಾನದಂಡ ನಿಗದಿಪಡಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ಗುರುತಿನ ಹೆಲ್ಮೆಟ್ಟಿಗೆ ಬೆಂಕಿ ತಡೆಯುವ ಪರೀಕ್ಷೆಯೂ ಆಗಿರುತ್ತದೆ, ಬೈಕಿನ ಎಂ ಗುರುತಿನದಕ್ಕೆ ಆಗಿರುವುದಿಲ್ಲ. ಮೊದಲ ದಿನಕ್ಕೆ ಹಲವರು ಬೈಕಿನ ಪೂರ್ಣ ಮುಖದ ಹೆಲ್ಮೆಟ್ಟನ್ನೇ ಒಪ್ಪುತ್ತಾರೆ.

ಬಸವನಗುಡಿ ಸ್ವಿಫ್ಟ್ ಬರೆದಿದ್ದಾರೆ:

ಇಷ್ಟು ವಿವರವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಮೂವರಿಗೂ ಧನ್ಯವಾದ. ಸದಸ್ಯತ್ವವನ್ನು ಆಮೇಲೆ ನೋಡೋಣವೆಂದು, ಮೊದಲು ಅತಿಥಿಯಾಗಿ ಬರಬಹುದೇ ಎಂದು ಕ್ಲಬ್ಬಿಗೆ ಪತ್ರ ಬರೆಯುತ್ತಿದ್ದೇನೆ. ಇನ್ನೊಂದೇ ಪ್ರಶ್ನೆ: ಪಾಲಿಸಿಯನ್ನು ಓದಿದ ಮೇಲೆ ನನ್ನ ಹೆಂಡತಿಗೂ ಓಡಿಸುವ ಮನಸ್ಸಾಗಿದೆ. ಒಂದೇ ಕಾರಿನಲ್ಲಿ ಇಬ್ಬರೂ ಸರದಿಯ ಮೇಲೆ ಓಡಿಸಬಹುದೆ?

ಪಿಟ್ ಲೇನ್ ಉತ್ತರಿಸಿದ್ದಾರೆ:

ಓಡಿಸಬಹುದು, ಆದರೆ ಇಬ್ಬರ ಹೆಸರನ್ನೂ ನೋಂದಾಯಿಸಿ, ಇಬ್ಬರೂ ಬೆಳಗಿನ ಸಭೆಗೆ ಹಾಜರಿರಬೇಕು. ಹಾಗೆಯೇ ನಿಮ್ಮಿಬ್ಬರನ್ನೂ ಒಂದೇ ಗುಂಪಿಗೆ ಹಾಕಿಸಿಕೊಂಡು ಸೆಷನ್ನುಗಳನ್ನು ಹಂಚಿಕೊಳ್ಳಿ. ಬೇರೆ ಬೇರೆ ಗುಂಪಿನಲ್ಲಿದ್ದರೆ ನೀವು ಇಳಿದ ಕೂಡಲೇ ಅವರು ಹತ್ತುತ್ತಾರೆ, ಕಾರಿಗೆ ಆರಲು ಸಮಯವೇ ಸಿಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಬ್ರೇಕುಗಳು ಕೈಕೊಡುತ್ತವೆ. ಚೆನ್ನೈನ ಬಿಸಿಲಿನಲ್ಲಿ ಎರಡನೆಯವರಿಗೆ ಸಿಗುವುದು ಯಾವಾಗಲೂ ದಣಿದ ಕಾರೇ ಆಗಿರುವುದರಿಂದ, ಮೊದಲ ಸೆಷನ್ನನ್ನು ಅವರಿಗೇ ಬಿಟ್ಟುಕೊಡಿ.