ಸ್ವೇಲ್‌ಡೇಲ್‌ನ ಮೂವರು ಜಾನ್ ಆಲ್ಡರ್ಸನ್‌ಗಳಲ್ಲಿ ನಮ್ಮವರು ಯಾರು?

ಸುಮಾ_ಲೀಡ್ಸ್:
ನಮಸ್ಕಾರ. ನಮ್ಮ ಯಜಮಾನರ ಕಡೆಯವರು ಯಾರ್ಕ್‌ಷೈರಿನ ಸ್ವೇಲ್‌ಡೇಲ್ ಕಣಿವೆಯವರು, ಆಲ್ಡರ್ಸನ್ ಮನೆತನ. ಮಗಳಿಗೋಸ್ಕರ ವಂಶವೃಕ್ಷ ಬರೆದಿಡುತ್ತಿದ್ದೇನೆ. 1837ರಿಂದ ಈಚೆಗೆ ಸರ್ಕಾರಿ ನೋಂದಣಿ ಇದೆ, ಕಷ್ಟವಾಗಲಿಲ್ಲ. ಅದರ ಹಿಂದಕ್ಕೆ ಚರ್ಚ್ ರಿಜಿಸ್ಟರ್ ಹಿಡಿದು 1730ರ ಒಂದು ಮದುವೆ ತನಕ ಹೋದೆ. ಅಲ್ಲಿಗೆ ನಿಂತಿತು. ವರ ಜಾನ್ ಆಲ್ಡರ್ಸನ್. ಆದರೆ 1702ರಿಂದ 1705ರೊಳಗೆ ಆ ಹೆಸರಿನ ಮೂರು ಗಂಡುಮಕ್ಕಳಿಗೆ ದೀಕ್ಷಾಸ್ನಾನ ಆಗಿದೆ. ತಾಯಿಯ ಹೆಸರು ಬರೆದಿಲ್ಲ. ಅದರಲ್ಲೂ ಒಬ್ಬನ ಅಪ್ಪನ ಮದುವೆ 1703ರ ಮೇ ತಿಂಗಳಲ್ಲಿ, ದೀಕ್ಷಾಸ್ನಾನ 1703ರ ಫೆಬ್ರವರಿಯಲ್ಲಿ! ಇದು ಹೇಗೆ?

ಹಳೇಕಡತ:
ಸುಮಾ ಅವರೇ, ಎರಡೂ ತಾರೀಖು ಸರಿ ಇವೆ. ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಜನವರಿ 1ಕ್ಕೆ ಬದಲಾಗಿದ್ದು 1752ರಲ್ಲಿ. ಹಾಗಾಗಿ ಅವರ 1703ರ ಫೆಬ್ರವರಿ ನಮ್ಮ ಲೆಕ್ಕಕ್ಕೆ 1704. ಮದುವೆಯಾಗಿ ಒಂಬತ್ತು ತಿಂಗಳು, ಅಷ್ಟೇ.

ಮುಂದೆ ಸಮಾಧಿ ಪುಟಗಳನ್ನು ನೋಡಿ. ಆ ಕಾಲದಲ್ಲಿ ಎಳೆ ಮಕ್ಕಳ ಸಾವು ಜಾಸ್ತಿ. ಮೂವರಲ್ಲಿ ಒಬ್ಬ ಅಲ್ಲೇ ಸಿಕ್ಕರೂ ಸಿಗಬಹುದು. ಗ್ರಿಂಟನ್, ಮ್ಯೂಕರ್ ಎರಡೂ ಊರಿನ ಚರ್ಚ್ ರಿಜಿಸ್ಟರ್ ನೋಡಬೇಕು. ಮೇಲಿನ ಕಣಿವೆಯೆಲ್ಲ ಗ್ರಿಂಟನ್ ಚರ್ಚಿಗೇ ಸೇರಿತ್ತು. 1580ರಲ್ಲಿ ಮ್ಯೂಕರ್‌ನಲ್ಲಿ ಚಾಪೆಲ್ (ಚಿಕ್ಕ ಚರ್ಚ್) ಆಗುವ ತನಕ ಕೆಲ್ಡ್ ಊರಿನಿಂದ ಗ್ರಿಂಟನ್‌ಗೆ ಸುಮಾರು 16 ಮೈಲಿ ಹೆಣ ಹೊತ್ತು ನಡೆಯುತ್ತಿದ್ದರು. ಆ ದಾರಿ ಈಗಲೂ ಇದೆ, ಒಮ್ಮೆ ನಡೆದು ಬನ್ನಿ.

ಮುಖ್ಯವಾದ ಮಾತು: ಹೆಸರಿನ ಬೆನ್ನು ಬಿಡಿ, ಮನೆಯ ಬೆನ್ನು ಹಿಡಿಯಿರಿ. ಆ ಕಣಿವೆಯಲ್ಲಿ ಆಲ್ಡರ್ಸನ್‌ಗಳು ಲೆಕ್ಕವಿಲ್ಲದಷ್ಟು. ರಿಜಿಸ್ಟರಿನಲ್ಲಿ ಅಪ್ಪನ ಹೆಸರಿನ ಪಕ್ಕ ಥ್ವೇಟ್, ಆಂಗ್ರಮ್, ಗನ್ನರ್‌ಸೈಡ್ ಅಂತ ಹಳ್ಳಿ ಹೆಸರು ಇರುತ್ತದೆ. ಆನ್‌ಲೈನ್ ಸೂಚಿಯಲ್ಲಿ ಅದನ್ನು ಎಷ್ಟೋ ಸಲ ಬಿಟ್ಟಿರುತ್ತಾರೆ. ಮೂಲ ಪುಟದ ಚಿತ್ರವನ್ನೇ ತೆರೆದು ಓದಿ. ಪುಟ ಹರಿದಿದ್ದರೆ, ವರ್ಷಕ್ಕೊಮ್ಮೆ ಬಿಷಪ್‌ಗೆ ಕಳಿಸುತ್ತಿದ್ದ ನಕಲು ಹುಡುಕಿ.

ಸುಮಾ_ಲೀಡ್ಸ್:
ತುಂಬಾ ಥ್ಯಾಂಕ್ಸ್! ಚಿತ್ರ ತೆರೆದು ನೋಡಿದೆ. ಒಂದು ಮಗು ಎರಡು ವರ್ಷದೊಳಗೇ ತೀರಿಹೋಗಿದೆ, ಪಾಪ. ಉಳಿದವರಲ್ಲಿ ಒಬ್ಬ ಗನ್ನರ್‌ಸೈಡ್, ಆ ಫೆಬ್ರವರಿಯ ಮಗು ಥ್ವೇಟ್. ಮದುವೆಯ ಸಾಲಿನಲ್ಲೂ ವರನ ಊರು ಥ್ವೇಟ್ ಅಂತಲೇ ಇದೆ. ಇಷ್ಟು ಸಾಕಾ?

ಹಳೇಕಡತ:
ಸಾಲದು. ಗನ್ನರ್‌ಸೈಡಿನವನು ಥ್ವೇಟ್‌ಗೆ ಬಂದು ನೆಲೆಸಿರಬಹುದಲ್ವಾ? ಅಪ್ಪನ ಉಯಿಲು ಹುಡುಕಿ. 1858ಕ್ಕೆ ಮುಂಚೆ ಉಯಿಲು ಚರ್ಚ್ ಕೋರ್ಟುಗಳ ಕೈಯಲ್ಲಿತ್ತು. ಸ್ವೇಲ್‌ಡೇಲ್ ಇದ್ದುದು ರಿಚ್ಮಂಡ್ ಆರ್ಚ್‌ಡೀಕನರಿಯ (ಚರ್ಚ್ ಆಡಳಿತದ ಒಂದು ವಿಭಾಗ) ಪೂರ್ವ ಭಾಗದಲ್ಲಿ. ಆ ಭಾಗದ ಉಯಿಲುಗಳು ನಿಮ್ಮ ಲೀಡ್ಸ್‌ನ ಆರ್ಕೈವ್ಸ್‌ನಲ್ಲೇ ಇವೆ. ಪಶ್ಚಿಮದವು ಪ್ರೆಸ್ಟನ್‌ನಲ್ಲಿ. ಮನೆ ಯಾವ ಮಗನಿಗೆ, ಕುರಿ ಯಾರಿಗೆ ಅಂತ ಬರೆದಿದ್ದರೆ ನಿಮ್ಮ ಗಂಟು ಬಿಚ್ಚಿತು. ಉಯಿಲು ಸಿಗದಿದ್ದರೆ ಮೇನರ್ ಕೋರ್ಟಿನ (ಜಮೀನ್ದಾರನ ಸ್ಥಳೀಯ ನ್ಯಾಯಾಲಯದ) ಕಡತ ನೋಡಿ. ಅಪ್ಪನ ಜಮೀನಿಗೆ ಮಗ ಬಂದಾಗ ಕಾಣಿಕೆ ಕಟ್ಟಬೇಕಿತ್ತು, ಆಗ ಇಬ್ಬರ ಹೆಸರೂ ದಾಖಲಾಗುತ್ತಿತ್ತು. 1733ರ ತನಕ ಅವು ಸಾಮಾನ್ಯವಾಗಿ ಲ್ಯಾಟಿನ್‌ನಲ್ಲಿವೆ. ಆ ಸಾಲಿನ ಫೋಟೋ ಇಲ್ಲಿ ಹಾಕಿ, ಕೂತು ಓದೋಣ.