ಹಾರ್ನ್‌ವರ್ಟ್ ಕೊಂಬಿನ ತುದಿ ಕಪ್ಪು, ಬುಡ ಹಸಿರು. ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬಿ.ಎಸ್ಸಿ. ವಿದ್ಯಾರ್ಥಿ. ತೀರ್ಥಹಳ್ಳಿ ಹತ್ತಿರ ನಮ್ಮ ತೋಟದ ಧರೆಯಲ್ಲಿ (ಕಡಿದಾದ ಮಣ್ಣಿನ ಬದಿಯಲ್ಲಿ) ಹಾರ್ನ್‌ವರ್ಟ್ ಎಂಬ, ನೆಲಕ್ಕೆ ಹಾಸಿಕೊಂಡು ಬೆಳೆಯುವ ಹೂವಿಲ್ಲದ ಪುಟ್ಟ ಸಸ್ಯ ಸಿಕ್ಕಿದೆ. ಕೊಂಬುಗಳ ತುದಿ ಕಪ್ಪಾಗಿ ಎರಡಾಗಿ ಸೀಳಿದೆ, ಬುಡ ಮಾತ್ರ ಹಚ್ಚ ಹಸಿರು. ಏನಾದರೂ ರೋಗವಾ?

ಉತ್ತರ: ರೋಗ ಅಲ್ಲ, ಅದು ಬೆಳೆಯುವುದೇ ಹಾಗೆ. ಆ ಕೊಂಬೇ ಸ್ಪೋರೊಫೈಟ್, ಅಂದರೆ ಸ್ಪೋರು (ಹೊಸ ಸಸ್ಯ ಹುಟ್ಟಿಸುವ ಸೂಕ್ಷ್ಮ ಕಣ) ಮಾಡುವ ಭಾಗ. ನಮ್ಮ ಕೂದಲಿನ ಹಾಗೆ ಅದು ಬುಡದಿಂದ ಬೆಳೆಯುತ್ತದೆ. ಬುಡದಲ್ಲಿರುವ ಮೆರಿಸ್ಟೆಮ್ ಹೊಸ ಕೋಶಗಳನ್ನು ಮಾಡುತ್ತಲೇ ಇರುತ್ತದೆ, ಹಳೆಯವು ಮೇಲೆ ಹೋಗುತ್ತವೆ. ಹಾಗಾಗಿ ತುದಿಯ ಸ್ಪೋರುಗಳು ಮೊದಲು ಬಲಿಯುತ್ತವೆ. ಮಾಸ್‌ನಲ್ಲಾಗಲಿ ಲಿವರ್‌ವರ್ಟ್‌ನಲ್ಲಾಗಲಿ ಹೀಗಿಲ್ಲ. ಇದರ ಬಂಧುಗಳಾದ ಆ ಸಸ್ಯಗಳಲ್ಲಿ ಒಂದು ಕ್ಯಾಪ್ಸೂಲಿನ (ಸ್ಪೋರು ತುಂಬಿದ ಚೀಲದ) ಸ್ಪೋರುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಲಿಯುತ್ತವೆ.

ಒಂದು ಕೊಂಬನ್ನು ಬ್ಲೇಡಿನಿಂದ ಉದ್ದಕ್ಕೆ ತೆಳ್ಳಗೆ ಸೀಳಿ ಸ್ಲೈಡ್ ಮಾಡಿ. ಕೆಳಗೆ ವಿಭಜನೆಯಾಗುತ್ತಿರುವ ಎಳೆಯ ಕೋಶಗಳು, ಸ್ವಲ್ಪ ಮೇಲೆ ಸ್ಪೋರಿನ ತಾಯಿಕೋಶಗಳು, ಅದರ ಮೇಲೆ ನಾಲ್ಕು ನಾಲ್ಕಾಗಿ ಅಂಟಿಕೊಂಡ ಸ್ಪೋರುಗಳು, ತುದಿಯಲ್ಲಿ ಬಿಡಿ ಬಿಡಿ ಕಪ್ಪು ಸ್ಪೋರುಗಳು. ನಡುವೆ ಕಡ್ಡಿಯಂತೆ ನಿಂತಿರುವುದು ಕಾಲ್ಯುಮೆಲ್ಲಾ. ಇಡೀ ಬೆಳವಣಿಗೆ ಒಂದೇ ಸ್ಲೈಡಿನಲ್ಲಿ! ಇಷ್ಟು ಚೆಂದದ ಪಾಠ ಬೇರೆ ಗಿಡದಲ್ಲಿ ಸಿಗುವುದು ಕಷ್ಟ.

ಸ್ಪೋರು ಕಪ್ಪಿದ್ದರೆ ಆಂಥೋಸೆರೋಸ್ ಅಥವಾ ಫೋಲಿಯೋಸೆರೋಸ್ ಕುಲದ್ದಿರಬಹುದು. ಫೇಯೋಸೆರೋಸ್ ಆಗಿದ್ದರೆ ಹಳದಿ ಇರುತ್ತಿತ್ತು.

ಮತ್ತೊಬ್ಬರ ಪ್ರಶ್ನೆ: ಕೊಂಬು ಹಸಿರಿದೆ, ಸ್ಟೊಮಾಟಾ (ಗಾಳಿಯಾಡುವ ಸೂಕ್ಷ್ಮ ರಂಧ್ರ) ಕೂಡ ಇದೆ ಅಂತಾರೆ. ಹಾಗಾದ್ರೆ ತನ್ನ ಊಟ ತಾನೇ ಮಾಡಿಕೊಳ್ಳುತ್ತೆ ಅಲ್ವಾ ಮೇಡಂ?

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಆದರೆ ಅದರ ಪಾದ ಕೊನೆಯವರೆಗೂ ಥ್ಯಾಲಸ್ (ನೆಲಕ್ಕೆ ಹಾಸಿಕೊಂಡ ಹಸಿರು ದೇಹ) ಒಳಗೇ ಹೂತಿರುತ್ತದೆ. ನೀರು, ಆಹಾರ ಅಲ್ಲಿಂದಲೂ ಬರಬೇಕು. ಸ್ಟೊಮಾಟಾ ಎಲ್ಲ ಹಾರ್ನ್‌ವರ್ಟ್‌ಗಳಲ್ಲೂ ಇಲ್ಲ, ನೋಟೋಥೈಲಾಸ್‌ನಲ್ಲಿ ಇಲ್ಲವೇ ಇಲ್ಲ. ಇರುವ ಕಡೆಯೂ ಎಲೆಗಳಲ್ಲಿ ಆಗುವ ಹಾಗೆ ತೆರೆದು ಮುಚ್ಚುವುದಿಲ್ಲ. ಒಮ್ಮೆ ತೆರೆದರೆ ಹಾಗೇ ಉಳಿಯುತ್ತವೆ. ಕೊಂಬು ಒಣಗಿ ಸೀಳಲು ಅವು ನೆರವಾಗುತ್ತವೆ ಎಂದು ಈಗ ಅನೇಕ ಸಂಶೋಧಕರು ಹೇಳುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಗಂಡು, ಹೆಣ್ಣು ಅಂಗ ಎಷ್ಟು ಹುಡುಕಿದರೂ ಕಾಣಲಿಲ್ಲ.

ಉತ್ತರ: ಮೇಲ್ಮೈಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಎರಡೂ ಥ್ಯಾಲಸ್ ಒಳಗೆ ಹುದುಗಿರುತ್ತವೆ. ಆಂಥೆರಿಡಿಯಾ (ಗಂಡು ಅಂಗ) ಪುಟ್ಟ ಗೂಡುಗಳಲ್ಲಿ ಇರುತ್ತವೆ. ಬಲಿತಾಗ ಕಿತ್ತಳೆ ಬಣ್ಣದ ಚುಕ್ಕಿಯಾಗಿ ಲೆನ್ಸಿಗೆ ಕಾಣುತ್ತವೆ. ಕಪ್ಪು-ನೀಲಿ ಚುಕ್ಕಿ ಕಂಡರೆ ಅದು ಥ್ಯಾಲಸ್ ಒಳಗೆ ವಾಸಿಸುವ ನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ, ಗೊಂದಲ ಮಾಡಿಕೊಳ್ಳಬೇಡಿ. ಆರ್ಕಿಗೋನಿಯಾ (ಹೆಣ್ಣು ಅಂಗ) ಸುತ್ತಲಿನ ಕೋಶಗಳ ಜೊತೆ ಬೆರೆತುಹೋಗಿರುವುದರಿಂದ ಸೆಕ್ಷನ್ (ತೆಳು ಸೀಳು) ತೆಗೆಯಲೇಬೇಕು. ಕೊಂಬು ಬಂದ ಜಾಗ ಬಿಟ್ಟು ಎಳೆಯ ಅಂಚಿನಿಂದ ಒಂದು ಚೂರು ತೆಗೆಯಿರಿ, ಅಷ್ಟು ಸಾಕು. ಧರೆಯಿಂದ ಇಡೀ ಹಾಸನ್ನೇ ಕಿತ್ತು ತರಬೇಡಿ.