2^67 − 1 ಅನ್ನು 2ರಿಂದ ಭಾಗಿಸಬಹುದು ಅಂತಿದೆ ನನ್ನ ಪ್ರೋಗ್ರಾಂ!

ತುಂಗಾತೀರ:
ಎರಡು ದಿನದಿಂದ ಇದರ ಹಿಂದೆ ಬಿದ್ದು ತಲೆ ಕೆಟ್ಟಿದೆ. 2^67 − 1ರ ಅಪವರ್ತನ ಹುಡುಕಲು ಸಣ್ಣ ಪ್ರೋಗ್ರಾಂ ಬರೆದೆ. 2ರಿಂದ ಶುರು ಮಾಡಿ ಒಂದೊಂದಾಗಿ ಭಾಗಿಸುತ್ತದೆ, ಅಷ್ಟೇ. ಓಡಿಸಿದ ಕೂಡಲೇ ಉತ್ತರ 2 ಅಂತ ಬರುತ್ತದೆ. ಇದು ಬೆಸ ಸಂಖ್ಯೆ ಅಲ್ವಾ? 2^11 − 1 ಕೊಟ್ಟರೆ 23 ಅಂತ ಸರಿಯಾಗಿಯೇ ಹೇಳುತ್ತದೆ. ಭಾನುವಾರ ಶಿವಮೊಗ್ಗದಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ತೋರಿಸಬೇಕು.

ಅಡಿಕೆಸಾಲು:
ಸಂಖ್ಯೆ ಇಡುವ 64 ಬಿಟ್ ಜಾಗ ತುಂಬಿ ಚೆಲ್ಲಿದೆ. ಅನ್‌ಸೈನ್ಡ್ (ಋಣ ಚಿಹ್ನೆ ಇಲ್ಲದ ಬಗೆ) ಹಾಕಿ.

ತುಂಗಾತೀರ:
ಹಾಕಿದೆ. ಎರರ್ ಬಂತು.

ಅಡಿಕೆಸಾಲು:
ಹಾಗಾದರೆ ಕಂಪೈಲರ್ ಹಳೇದು. ಚೆಲ್ಲಿರುವುದಂತೂ ಖಂಡಿತ.

ಕುಂದಾದ್ರಿ:
ಚೆಲ್ಲಿದ್ದರೆ 2^67 ಸೊನ್ನೆಯಾಗುತ್ತಿತ್ತು, ಅದರಿಂದ 1 ಕಳೆದರೆ ಎಲ್ಲಾ ಬಿಟ್ಟೂ 1. ಅದೂ ಬೆಸವೇ ಮಾರಾಯ್ರೆ. ತುಂಗಾತೀರ ಅವರೇ, ಯಾವ ಭಾಷೆ? ಆ ಸಂಖ್ಯೆಯನ್ನು ಹಾಗೇ ಪ್ರಿಂಟ್ ಮಾಡಿ ಇಲ್ಲಿ ಹಾಕಿ.

ಕೊಡಚಾದ್ರಿ_ಮಂಜು:
ಸುಮ್ನೆ ಹುಡುಕುತ್ತಿದ್ದೀರಿ. ಅದು ಅವಿಭಾಜ್ಯ. 2ರ ಯಾವ ಘಾತದಿಂದ 1 ಕಳೆದರೆ ಅವಿಭಾಜ್ಯ ಬರುತ್ತದೆ ಅಂತ ಫ್ರೆಂಚ್ ಪಾದ್ರಿ ಮರ್ಸೆನ್ 1644ರಲ್ಲೇ ಕೊಟ್ಟ ಪಟ್ಟಿಯಲ್ಲಿ 67 ಇದೆ.

ಕುಂದಾದ್ರಿ:
ಆ ಪಟ್ಟಿಯೇ ತಪ್ಪು. 67, 257 ಸೇರಬಾರದಿತ್ತು. 61, 89, 107 ಬಿಟ್ಟುಹೋಗಿವೆ. 67 ಅವಿಭಾಜ್ಯ ಕೊಡುವುದಿಲ್ಲ ಅಂತ 1876ರಲ್ಲಿ ಫ್ರೆಂಚ್ ಗಣಿತಜ್ಞ ಲೂಕಾ ತೋರಿಸಿದ. ಆದರೆ ಅಪವರ್ತನ ಅವನಿಗೆ ಸಿಗಲಿಲ್ಲ. ಅದನ್ನು ಕೊಟ್ಟವನು ಅಮೆರಿಕದ ಗಣಿತಜ್ಞ ಕೋಲ್, 1903ರಲ್ಲಿ.

ಕೊಡಚಾದ್ರಿ_ಮಂಜು:
61 ಬರೆಯಲು ಹೋಗಿ 67 ಆಗಿರಬಹುದು. ಅದಕ್ಕೆ ಮರ್ಸೆನ್‌ನನ್ನು ಬಯ್ಯಬೇಡಿ.

ತುಂಗಾತೀರ:
ಬ್ರೌಸರ್‌ನಲ್ಲೇ ಬರೆದದ್ದು, ಜಾವಾಸ್ಕ್ರಿಪ್ಟ್. ಅದನ್ನು ಹೇಳಬೇಕು ಅಂತ ಹೊಳೆಯಲಿಲ್ಲ. 147573952589676410000 ಬಂತು.

ಕುಂದಾದ್ರಿ:
ಸಿಕ್ಕಿತು. ನಿಜವಾದ ಸಂಖ್ಯೆ 147573952589676412927. ಜಾವಾಸ್ಕ್ರಿಪ್ಟ್‌ನಲ್ಲಿ ಸಾಮಾನ್ಯ ಸಂಖ್ಯೆಗೆ ಇರುವುದು 53 ಬಿಟ್ ಜಾಗ. 2^53, ಅಂದರೆ 9007199254740992 ದಾಟಿದ ಮೇಲೆ ಎಲ್ಲಾ ಪೂರ್ಣಾಂಕಕ್ಕೂ ಜಾಗ ಇಲ್ಲ. 2^67ರ ಸ್ವಲ್ಪ ಕೆಳಗೆ 16384ಕ್ಕೆ ಒಂದು ಮಾತ್ರ ಉಳಿಯುತ್ತದೆ. ನೀವು ಕಳೆದ 1 ಅಲ್ಲೇ ಮಾಯ. ಉಳಿದದ್ದು 2^67, ಅದು ಸಮ. ದೊಡ್ಡ ಪೂರ್ಣಾಂಕಗಳನ್ನು ಹಾಗೇ ಹಿಡಿಯುವ ಬಿಗ್‌ಇಂಟ್ ಬಳಸಿ. ಪ್ರತಿ ಸಂಖ್ಯೆಯ ಕೊನೆಗೂ ‘ಎನ್’ ಅಕ್ಷರ ಸೇರಿಸಿ. ಭಾಗಿಸುವ ಸಂಖ್ಯೆಗೂ ಬೇಕು, ಬೆರೆಸಿದರೆ ಎರರ್.

ಅಡಿಕೆಸಾಲು:
ಇದಕ್ಕೆಲ್ಲ ಬ್ರೌಸರ್ ಸಾಲದು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಎಂಟು ಕೋರಿನ ಡೆಸ್ಕ್‌ಟಾಪ್ ಇದೆ, ಎರಡು ಬ್ಯಾಟರಿಯ ಯುಪಿಎಸ್ ಇದೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಗಿಂಪ್ಸ್ (ಹಲವರ ಕಂಪ್ಯೂಟರ್ ಸೇರಿಸಿ ಇಂಥ ದೊಡ್ಡ ಅವಿಭಾಜ್ಯ ಹುಡುಕುವ ಯೋಜನೆ) ನಿಲ್ಲುವುದಿಲ್ಲ. 2024ರಲ್ಲಿ 2^136279841 − 1 ಸಿಕ್ಕಿದ್ದು ಆ ಯೋಜನೆಯಲ್ಲೇ, 4,10,24,320 ಅಂಕಿ!

ತುಂಗಾತೀರ:
ಈಗ 2 ಬರುತ್ತಿಲ್ಲ. ಆದರೆ ಒಂದು ಗಂಟೆಯಾಯಿತು, ಏನೂ ಬರುತ್ತಿಲ್ಲ.

ಕುಂದಾದ್ರಿ:
ಒಂದೊಂದಾಗಿ ಹೋಗಬೇಡಿ. ಘಾತ 67 ಅವಿಭಾಜ್ಯ. ಹಾಗಾಗಿ ಅಪವರ್ತನ ಯಾವುದೇ ಇರಲಿ, 67ರ ಎರಡರಷ್ಟು, ಅಂದರೆ 134ರ ಮಗ್ಗಿಗೆ 1 ಸೇರಿಸಿದ್ದೇ ಆಗಿರಬೇಕು. 135, 269, 403 ಹೀಗೆ 134ರ ಹೆಜ್ಜೆ ಹಾಕಿ. 19 ಕೋಟಿ ಸಲದ ಬದಲು ಹದಿನಾಲ್ಕೂವರೆ ಲಕ್ಷ ಸಲ ಸಾಕು.

ತುಂಗಾತೀರ:
ಬಂತು! 193707721. 14,45,580ನೇ ಹೆಜ್ಜೆಗೆ. ಇನ್ನೊಂದು 761838257287. ಗುಣಿಸಿಯೂ ನೋಡಿದೆ, ಕೊನೆಯ 7ರವರೆಗೂ ಸರಿ ಇದೆ. ತುಂಬಾ ಧನ್ಯವಾದ ಸರ್.

ತುಂಗಾತೀರ:
257ನ್ನೂ ಕೊಟ್ಟೆ, ಹೆಜ್ಜೆ 514. ರಾತ್ರಿಯಿಂದ ಓಡುತ್ತಿದೆ, ಇನ್ನೂ ಏನೂ ಇಲ್ಲ. ಹೆಜ್ಜೆ ಸರಿ ತಾನೇ?